ಬೋಫೋರ್ಸ್ ಕಂಪನಿ, ಒಂದು ಮೊಲ ಮತ್ತು ಕಟ್ಟಿಸಿಕೊಂಡ ಹಲ್ಲು

ಬೋಫೋರ್ಸ್ ಅನ್ನೋ ಹೆಸರು ಕೇಳಿದ್ರೆ ನಿಮ್ಮ ಅಪ್ಪ ಅಮ್ಮನಿಗೆ ಹಗರಣ ನೆನಪಾಗುತ್ತೆ, ನಿಮಗೆ ಬಹುಶಃ ಕಾರ್ಗಿಲ್ ಸಿನಿಮಾಗಳು. 1986ರಲ್ಲಿ ಭಾರತ ಸರ್ಕಾರ ಸ್ವೀಡನ್ ದೇಶದ ಈ ಕಂಪನಿಯಿಂದ 410 ಫಿರಂಗಿ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಸ್ವೀಡನ್ನಿನ ರೇಡಿಯೋ ಲಂಚದ ಆರೋಪವನ್ನ ಹೊರಗೆ ತಂದಿತು, ಇಲ್ಲಿ ದೊಡ್ಡ ಗದ್ದಲವೇ ಎದ್ದಿತು. 1999ರಲ್ಲಿ ಅವೇ ಫಿರಂಗಿಗಳು ಕಾರ್ಗಿಲ್ ಬೆಟ್ಟಗಳಲ್ಲಿ ಕೆಲಸಕ್ಕೆ ಬಂದವು. ಇಷ್ಟು ಕಥೆ ಗೊತ್ತಿರೋದೇ. ಆದರೆ ನಮ್ಮ ಜೊತೆಗಿನ ಒಪ್ಪಂದಕ್ಕೆ ಎಂಟು ವರ್ಷ ಮೊದಲು, 1978ರಲ್ಲಿ, ಇದೇ ಬೋಫೋರ್ಸ್ ಒಬ್ಬ ಪ್ರೊಫೆಸರ್ ಜೊತೆ ಕೈಜೋಡಿಸಿತ್ತು. ಯಾವ ವ್ಯವಹಾರಕ್ಕೆ ಅಂತೀರಾ? ಬಿದ್ದುಹೋದ ಹಲ್ಲಿನ ಜಾಗಕ್ಕೆ ಹೊಸ ಹಲ್ಲು ಕೂರಿಸೋದಕ್ಕೆ.

ನಾನು ಈ ಸಂಚಿಕೆಗೆ ಓದೋಕೆ ಶುರು ಮಾಡಿದ್ದು ಇದೊಂದು ತಮಾಷೆ ಸಂಗತಿ ಅನ್ನೋ ಕಾರಣಕ್ಕೆ. ಫಿರಂಗಿ ಮಾಡೋರು ಹಲ್ಲು ಮಾಡಿದ್ರು ಅಂತ ಹೇಳಿ ನಗಿಸಿಬಿಡೋಣ ಅಂದುಕೊಂಡಿದ್ದೆ. ಓದ್ತಾ ಓದ್ತಾ ನಗು ಕಡಿಮೆಯಾಯ್ತು. ಯಾಕಂದ್ರೆ ಟೈಟಾನಿಯಂ ಸ್ಕ್ರೂ ಬರೋಕೆ ಮುಂಚೆ ಶ್ರೀಮಂತರ ಬಾಯಿಗೆ ಹೊಸ ಹಲ್ಲು ಎಲ್ಲಿಂದ ಬರ್ತಿತ್ತು ಅನ್ನೋ ಪ್ರಶ್ನೆ ಇದೆಯಲ್ಲ, ಅದರ ಉತ್ತರ ಅಷ್ಟು ಸುಲಭವಾಗಿ ಜೀರ್ಣ ಆಗೋದಲ್ಲ. ಅಲ್ಲಿಂದಲೇ ಶುರು ಮಾಡ್ತೀನಿ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ಗೆ ಮರದ ಹಲ್ಲು ಸೆಟ್ಟು ಇತ್ತು ಅಂತ ಕ್ವಿಜ್‌ಗಳಲ್ಲಿ ಕೇಳಿರ್ತೀರಿ. ಅದು ಸುಳ್ಳು. (ಮರದ ಸೆಟ್ಟು ನಿಜವಾಗಿಯೂ ಇದ್ದದ್ದು ಜಪಾನಿನಲ್ಲಿ. 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯ ಮರದ ಹಲ್ಲುಸೆಟ್ಟು ಇವತ್ತಿಗೂ ಉಳಿದಿದೆ.) ವಾಷಿಂಗ್ಟನ್ 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ತಗೊಳ್ಳೋ ಹೊತ್ತಿಗೆ ಅವರ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ ಒಂದು. ಅವರ ಸೆಟ್ಟುಗಳನ್ನ ಮಾಡಿದ್ದು ನೀರ್ಗುದುರೆಯ ದಂತ, ಸೀಸ, ಪ್ರಾಣಿಗಳ ಹಲ್ಲು, ಜೊತೆಗೆ ಮನುಷ್ಯರ ಹಲ್ಲಿನಿಂದ.

ಈ ಕೊನೆಯ ಪದಾರ್ಥದ ಬಗ್ಗೆ ಅವರದೇ ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿದೆ. 1784ರ ಮೇ ತಿಂಗಳು. ಒಂಬತ್ತು ಹಲ್ಲಿಗಾಗಿ ನೀಗ್ರೋಗಳಿಗೆ ಕೊಟ್ಟ ಹಣ, ಆರು ಪೌಂಡ್ ಎರಡು ಶಿಲಿಂಗ್. ಅಂದರೆ ಒಟ್ಟು 122 ಶಿಲಿಂಗ್, ಒಂದು ಹಲ್ಲಿಗೆ ಹದಿಮೂರೂವರೆಯ ಆಸುಪಾಸು. ಅದೇ ಸಾಲಲ್ಲಿ ಒಬ್ಬ ಫ್ರೆಂಚ್ ದಂತವೈದ್ಯನ ಹೆಸರೂ ಇದೆ. ಜಾನ್ ಪಿಯೆರ್ ಲ ಮೇಯೂರ್ ಅಂತ. ಈತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಮುಂದಿನ ಹಲ್ಲು ಮಾರೋರಿಗೆ ಒಂದೊಂದಕ್ಕೆ ಎರಡು ಗಿನಿ, ಅಂದರೆ 42 ಶಿಲಿಂಗ್ ಕೊಡೋಕೆ ಸಿದ್ಧ ಇದ್ದವನು. ಗುಲಾಮರಿಗೆ ಸಿಕ್ಕಿದ್ದು ಅದರ ಮೂರರಲ್ಲೊಂದು ಪಾಲು. ಆ ಒಂಬತ್ತು ಹಲ್ಲು ವಾಷಿಂಗ್ಟನ್ನರ ಬಾಯಿಗೇ ಹೋದವು ಅಂತ ಪುಸ್ತಕದಲ್ಲಿ ಬರೆದಿಲ್ಲ. ಆದರೆ ಯಜಮಾನ ಬಂದು ನಿನ್ನ ಹಲ್ಲು ಮಾರ್ತೀಯಾ ಅಂತ ಕೇಳಿದ್ರೆ ಒಬ್ಬ ಗುಲಾಮ ಏನಂತ ಉತ್ತರ ಕೊಡಬಹುದಿತ್ತು, ನೀವೇ ಯೋಚನೆ ಮಾಡಿ. ಒಂಬತ್ತು ಹಲ್ಲು ಅಂತ ಲೆಕ್ಕ ಇದೆ. ಯಾರ ಹಲ್ಲು ಅಂತ ಹೆಸರಿಲ್ಲ.

ಅಟ್ಲಾಂಟಿಕ್ ಸಾಗರದ ಇನ್ನೊಂದು ದಡದಲ್ಲಿ, ಲಂಡನ್ನಿನಲ್ಲಿ, ಇದು ಇನ್ನೂ ನೇರವಾಗಿ ನಡೀತಿತ್ತು. ಜಾನ್ ಹಂಟರ್ ಅಂತ ಆ ಕಾಲದ ಬಹಳ ದೊಡ್ಡ ಶಸ್ತ್ರವೈದ್ಯ. 1771ರಲ್ಲಿ ಹಲ್ಲಿನ ಬಗ್ಗೆ ದೊಡ್ಡ ಗ್ರಂಥ ಬರೆದವನು. ಈತ ಮನುಷ್ಯನ ಒಂದು ಹಲ್ಲನ್ನ ಕೋಳಿ ಹುಂಜದ ಜುಟ್ಟಿನಲ್ಲಿ ನೆಟ್ಟು, ಅದು ಅಲ್ಲಿ ಬದುಕಿಕೊಳ್ಳುತ್ತೆ ಅಂತ ತೋರಿಸಿದ. ಆ ಹುಂಜದ ತಲೆ ಈಗಲೂ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿದೆ. ಹುಂಜದಲ್ಲಿ ಆಗೋದಾದ್ರೆ ಮನುಷ್ಯನಲ್ಲಿ ಯಾಕಾಗಬಾರದು? ಬಡ ಹುಡುಗನ ಬಾಯಿಂದ ಕಿತ್ತ ಹಲ್ಲನ್ನ ಬಿಸಿಬಿಸಿ ಇರೋವಾಗಲೇ ಶ್ರೀಮಂತರ ವಸಡಿನ ಗುಂಡಿಗೆ ಕೂರಿಸೋ ಫ್ಯಾಷನ್ನು ಶುರುವಾಯಿತು.

ಥಾಮಸ್ ರೋಲೆಂಡ್‌ಸನ್ ಅನ್ನೋ ವ್ಯಂಗ್ಯಚಿತ್ರಕಾರ 1787ರಲ್ಲಿ ಇದನ್ನ ಬರೆದಿದ್ದಾನೆ. ಗೂಗಲ್ ಮಾಡಿ ನೋಡಿ, ಸಿಗುತ್ತೆ. ಮಧ್ಯದಲ್ಲಿ ಚಿಮಣಿ ಗುಡಿಸೋ ಮಸಿ ಮೆತ್ತಿದ ಹುಡುಗ ಬಾಯಿ ತೆರೆದು ಕೂತಿದ್ದಾನೆ, ಡಾಕ್ಟರ್ ಅವನ ಹಲ್ಲು ಕೀಳ್ತಿದ್ದಾನೆ. ಪಕ್ಕದಲ್ಲೇ ಅದಕ್ಕಾಗಿ ಕಾಯ್ತಾ ಒಬ್ಬ ಶ್ರೀಮಂತ ಹೆಂಗಸು. ಬಾಗಿಲ ಹತ್ತಿರ ಆಗಲೇ ಹಲ್ಲು ಕೊಟ್ಟು ಮುಗಿಸಿದ ಬಡ ಮಕ್ಕಳು ದವಡೆ ಹಿಡ್ಕೊಂಡು ಹೊರಗೆ ಹೋಗ್ತಿದ್ದಾರೆ. ಬಾಗಿಲಿಗೆ ಒಂದು ಬೋರ್ಡು, ಜೀವಂತ ಹಲ್ಲಿಗೆ ಒಳ್ಳೆ ಬೆಲೆ ಕೊಡ್ತೀವಿ ಅನ್ನೋ ಅರ್ಥದ್ದು.

ಇಷ್ಟೆಲ್ಲ ಮಾಡಿ ಹಲ್ಲು ನಿಲ್ತಿತ್ತಾ? ಇಲ್ಲ. ಬೇರೆಯವರ ಹಲ್ಲನ್ನ ದೇಹ ಒಪ್ಪಿಕೊಳ್ಳಲ್ಲ. ಸ್ವಲ್ಪ ಕಾಲ ಕೂತಿದ್ದು ಆಮೇಲೆ ಸಡಿಲವಾಗಿ ಬಿದ್ದುಹೋಗ್ತಿತ್ತು. ಅದರ ಜೊತೆಗೆ ಸಿಫಿಲಿಸ್‌ನಂಥ ರೋಗ ಅಂಟಿಕೊಂಡ ಪ್ರಕರಣಗಳೂ ವರದಿಯಾದವು. ಒಬ್ಬರು ತಮ್ಮ ಹಲ್ಲನ್ನ ಶಾಶ್ವತವಾಗಿ ಕಳ್ಕೊಂಡರು, ಇನ್ನೊಬ್ಬರಿಗೆ ಅದು ತಾತ್ಕಾಲಿಕವಾಗಿ ಸಿಕ್ಕಿತು, ಅಷ್ಟೇ. ಹಾಗಾಗಿ ಕ್ರಮೇಣ ಜನ ಮತ್ತೆ ತೆಗೆದು ಹಾಕೋ ಸೆಟ್ಟಿನ ಕಡೆಗೇ ವಾಲಿದರು. ಅದಕ್ಕೂ ನಿಜವಾದ ಹಲ್ಲೇ ಬೇಕಿತ್ತು. 1815ರ ಜೂನ್‌ನಲ್ಲಿ ವಾಟರ್ಲೂ ಯುದ್ಧ ಮುಗಿದಾಗ ರಣರಂಗದಲ್ಲಿ ಸತ್ತುಬಿದ್ದಿದ್ದ ಸೈನಿಕರ ಹಲ್ಲು ಕೀಳೋರು ಇಕ್ಕಳ ಹಿಡಿದು ಬಂದಿದ್ದರು. ಸತ್ತವರು ಹೆಚ್ಚಿನವರು ಹರೆಯದ ಹುಡುಗರು, ಹಲ್ಲು ಗಟ್ಟಿಯಾಗಿದ್ದವು. ಅಂಥ ಸೆಟ್ಟುಗಳಿಗೆ ವಾಟರ್ಲೂ ಹಲ್ಲು ಅಂತಲೇ ಹೆಸರು ಬಿತ್ತು.

ಮುಂದೆ ಪಿಂಗಾಣಿ ಹಲ್ಲು ಬಂತು, 1850ರ ದಶಕದಲ್ಲಿ ಗಟ್ಟಿ ರಬ್ಬರಿನ ತಳ ಬಂತು. ಹೆಣದ ಹಲ್ಲು ಕೀಳೋ ಅಗತ್ಯ ತಪ್ಪಿತು. ಆದರೆ ಆ ರಬ್ಬರಿನ ಪೇಟೆಂಟ್ ಹಿಡ್ಕೊಂಡಿದ್ದ ಅಮೆರಿಕದ ಕಂಪನಿ ದಂತವೈದ್ಯರ ಮೇಲೆ ಎಷ್ಟು ಕೇಸು ಹಾಕಿತು ಅಂದ್ರೆ, 1879ರಲ್ಲಿ ಸ್ಯಾಮ್ಯುಯೆಲ್ ಚಾಲ್ಫಂಟ್ ಅನ್ನೋ ದಂತವೈದ್ಯ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹೋಟೆಲ್ಲಿನಲ್ಲಿ ಆ ಕಂಪನಿಯ ಖಜಾಂಚಿ ಜೊಸಾಯ ಬೇಕನ್‌ನನ್ನ ಗುಂಡಿಟ್ಟು ಕೊಂದೇಬಿಟ್ಟ. ಇದು ನಮ್ಮ ಮುಖ್ಯ ಕಥೆ ಅಲ್ಲ, ಆದರೂ ಹೇಳದೇ ಇರೋಕಾಗಲಿಲ್ಲ.

ಸೆಟ್ಟಿನ ಕಷ್ಟ ಏನು ಅನ್ನೋದು ಮನೆಯಲ್ಲಿ ಅಜ್ಜ ಅಜ್ಜಿ ಇರೋರಿಗೆ ಗೊತ್ತು. ರಾತ್ರಿ ತೆಗೆದು ಲೋಟದ ನೀರಲ್ಲಿ ಇಡಬೇಕು. ಚಕ್ಕುಲಿ ಕಡಿಯೋಕಾಗಲ್ಲ. ಜೋರಾಗಿ ಸೀನಿದ್ರೆ ಕೈ ಬಾಯಿಗೆ ಅಡ್ಡ ಹೋಗುತ್ತೆ. ಇದರ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ವಿಷಯ ಇದೆ. ಹಲ್ಲಿನ ಬೇರು ದವಡೆ ಮೂಳೆಯೊಳಗೆ ಇರುತ್ತೆ. ಅಗಿಯುವಾಗ ಬೀಳೋ ಒತ್ತಡದಿಂದಲೇ ಆ ಮೂಳೆ ತನ್ನ ಗಾತ್ರ ಉಳಿಸಿಕೊಳ್ಳೋದು. ಹಲ್ಲು ಹೋದ ಮೇಲೆ ಮೂಳೆಗೆ ಕೆಲಸವಿಲ್ಲ, ವರ್ಷದಿಂದ ವರ್ಷಕ್ಕೆ ಸವೀತಾ ಹೋಗುತ್ತೆ. ಬೊಚ್ಚು ಬಾಯಿಯವರ ಮುಖ ಒಳಗೆ ಸರಿದ ಹಾಗೆ ಕಾಣೋದು ಅದಕ್ಕೇ. ಮೂಳೆ ಸವೆದಷ್ಟೂ ಸೆಟ್ಟು ಸಡಿಲ ಆಗುತ್ತೆ. ಹಾಗಾಗಿ ವೈದ್ಯರ ಹಳೇ ಕನಸು ಒಂದೇ ಆಗಿತ್ತು. ವಸಡಿನ ಮೇಲೆ ಅಲ್ಲ, ಮೂಳೆಯ ಒಳಗೇ ಏನಾದ್ರೂ ನೆಡಬೇಕು.

ಪ್ರಯತ್ನಗಳು ಕಡಿಮೆ ಏನಿಲ್ಲ. 1913ರಲ್ಲಿ ಅಮೆರಿಕದ ಗ್ರೀನ್‌ಫೀಲ್ಡ್ ಅನ್ನೋ ದಂತವೈದ್ಯ ಪ್ಲಾಟಿನಂ ಮಿಶ್ರಲೋಹದ ತಂತಿಯ ಬುಟ್ಟಿಯನ್ನ ದವಡೆಗೆ ಕೂರಿಸಿದ. 1930ರ ದಶಕದ ಕೊನೆಯಲ್ಲಿ ಹಾರ್ವರ್ಡ್‌ನ ಸ್ಟ್ರಾಕ್ ಸೋದರರು ಕೋಬಾಲ್ಟ್ ಕ್ರೋಮಿಯಂ ಸ್ಕ್ರೂ ಹಾಕಿದರು. ಕೆಲವು ವರ್ಷಗಟ್ಟಲೆ ನಿಂತವು, ಹಲವು ಬಿದ್ದವು. ಯಾವುದು ನಿಲ್ಲುತ್ತೆ ಅಂತ ಮೊದಲೇ ಹೇಳೋಕೆ ಯಾರಿಗೂ ಆಗ್ತಿರಲಿಲ್ಲ. ಲೋಹ ಒಳಗೆ ಬಂದ್ರೆ ದೇಹ ಅದರ ಸುತ್ತ ನಾರಿನಂಥ ಮೆತ್ತನೆ ಪೊರೆ ಕಟ್ಟಿ ಅದನ್ನ ಬೇರೆ ಮಾಡಿಬಿಡುತ್ತೆ. ಆ ಪೊರೆ ಇದ್ದರೆ ಒಳ್ಳೆಯದೇ, ನಿಜವಾದ ಹಲ್ಲಿನ ಸುತ್ತ ಇರೋ ನಾರಿನ ಹಾಗೆ ಅದೂ ಒತ್ತಡ ತಡೆಯುತ್ತೆ ಅಂತ ಬಹಳ ವೈದ್ಯರು ನಂಬಿದ್ದರು. ಆ ನಂಬಿಕೆ ತಪ್ಪಾಗಿತ್ತು.

ತಮಾಷೆ ಅಂದ್ರೆ, ಇದಕ್ಕೆ ಉತ್ತರ ಆಗಲೇ ನೆಲದಡಿ ಇತ್ತು. 1931ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್‌ನಲ್ಲಿ ಪೊಪೆನೋ ದಂಪತಿ ಅಗೆದಾಗ ಸುಮಾರು ಕ್ರಿ.ಶ. 600ರ ಕಾಲದ ಒಂದು ಕೆಳದವಡೆಯ ತುಂಡು ಸಿಕ್ಕಿತು. ಮುಂದಿನ ಮೂರು ಹಲ್ಲಿನ ಗುಂಡಿಗಳಲ್ಲಿ ಹಲ್ಲಿನ ಆಕಾರಕ್ಕೆ ಕೆತ್ತಿದ ಕಪ್ಪೆಚಿಪ್ಪಿನ ಚೂರುಗಳಿದ್ದವು. ಸತ್ತ ಮೇಲೆ ಅಲಂಕಾರಕ್ಕೆ ಇಟ್ಟಿದ್ದು ಅಂತ ಎಲ್ಲರೂ ಅಂದುಕೊಂಡರು. 1970ರಲ್ಲಿ ಬ್ರೆಜಿಲ್‌ನ ಅಮಡೇವು ಬೋಬಿಯೋ ಎಕ್ಸ್‌ರೇ ತೆಗೆಸಿ ನೋಡಿದಾಗ ಎರಡು ಚಿಪ್ಪಿನ ಸುತ್ತ ಮೂಳೆ ಗಟ್ಟಿಯಾಗಿ ಬೆಳೆದಿತ್ತು. ಅಂದರೆ ಅವನ್ನ ಕೂರಿಸಿದಾಗ ಆ ಮನುಷ್ಯನಿಗೆ ಜೀವ ಇತ್ತು. ಅರಿವಳಿಕೆ ಇಲ್ಲದ ಕಾಲದಲ್ಲಿ ಅದನ್ನ ಹೇಗೆ ತಡಕೊಂಡರೋ, ನೆನೆಸಿಕೊಂಡ್ರೆ ನನಗೆ ವಸಡು ಜುಮ್ಮೆನ್ನುತ್ತೆ.

ಈಗ ಸ್ವೀಡನ್‌ಗೆ ಬರೋಣ. 1952, ಲುಂದ್ ವಿಶ್ವವಿದ್ಯಾಲಯ. ಪೇರ್ ಇಂಗ್ವಾರ್ ಬ್ರೋನೆಮಾರ್ಕ್, ಇಪ್ಪತ್ಮೂರು ವರ್ಷದ ಹುಡುಗ. ಓದ್ತಿದ್ದದ್ದು ವೈದ್ಯಶಾಸ್ತ್ರ, ದಂತವೈದ್ಯಕೀಯ ಅಲ್ಲ. ಅವನ ತಲೆಯಲ್ಲಿ ಹಲ್ಲಿನ ವಿಚಾರವೇ ಇರಲಿಲ್ಲ. ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತೆ, ಗಾಯ ಹೇಗೆ ಮಾಯುತ್ತೆ ಅಂತ ಜೀವಂತವಾಗಿ ನೋಡಬೇಕಿತ್ತು. ಅದಕ್ಕೆ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಕವಚದ ಒಂದು ಪುಟ್ಟ ಕಿಟಕಿ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡ್ತಿದ್ದ. ಪ್ರಯೋಗ ಮುಗೀತು. ಉಪಕರಣ ದುಬಾರಿ, ಮುಂದಿನ ಮೊಲಕ್ಕೆ ಅದೇ ಬೇಕು. ತೆಗೆಯೋಕೆ ಹೋದ್ರೆ ಬರ್ತಾ ಇಲ್ಲ. ಮೂಳೆ ಟೈಟಾನಿಯಂ ಜೊತೆ ಬೆಸೆದುಕೊಂಡುಬಿಟ್ಟಿದೆ.

ನಾನಾಗಿದ್ರೆ ಬೈಕೊಂಡು ಸುತ್ತಿಗೆ ತರ್ತಿದ್ದೆ. ಬ್ರೋನೆಮಾರ್ಕ್ ಮಾತ್ರ ಇದು ಯಾಕೆ ಹೀಗಾಯ್ತು ಅಂತ ಹಿಂದೆ ಬಿದ್ದ. ಟೈಟಾನಿಯಂ ಗಾಳಿಗೆ ಸೋಕಿದ ತಕ್ಷಣ ಅದರ ಮೈಮೇಲೆ ಆಕ್ಸೈಡಿನ ಅತಿ ತೆಳು ಪದರ ಕಟ್ಟಿಕೊಳ್ಳುತ್ತೆ. ದೇಹದ ದ್ರವಗಳು ಆ ಪದರವನ್ನ ತಿನ್ನೋಕಾಗಲ್ಲ. ಹಾಗಾಗಿ ಮೂಳೆಯ ಜೀವಕೋಶಗಳು ನೇರವಾಗಿ ಲೋಹದ ಮೇಲೆಯೇ ಬಂದು ಕೂತು ಬೆಳೆಯುತ್ತವೆ, ಮಧ್ಯೆ ನಾರಿನ ಪೊರೆ ಇರೋದಿಲ್ಲ. ಇದಕ್ಕೆ ಅವರು ಮುಂದೆ ಇಟ್ಟ ಹೆಸರು ಆಸಿಯೋಇಂಟಿಗ್ರೇಷನ್. ಕನ್ನಡದಲ್ಲಿ ಮೂಳೆಬೆಸುಗೆ ಅನ್ನಬಹುದೇನೋ, ನನಗೆ ಆ ಪದ ಇಷ್ಟ ಆಯ್ತು.

1960ರಲ್ಲಿ ಅವರು ಗೊಥೆನ್‌ಬರ್ಗ್ ಊರಿಗೆ ಬಂದರು. ಅಲ್ಲಿ ಸ್ವಯಂಸೇವಕ ವಿದ್ಯಾರ್ಥಿಗಳ ತೋಳಿನ ಚರ್ಮದಲ್ಲಿ ಟೈಟಾನಿಯಂ ಕೂರಿಸಿ ತಿಂಗಳುಗಟ್ಟಲೆ ನೋಡಿದರು. ಮನುಷ್ಯರ ದೇಹವೂ ತಕರಾರು ಮಾಡಲಿಲ್ಲ. ನಾಯಿಗಳ ದವಡೆಯಲ್ಲಿ ಹಲ್ಲು ಕೂರಿಸಿ ಪರೀಕ್ಷೆ ಮಾಡಿದರು. ಇನ್ನು ಬೇಕಾಗಿದ್ದದ್ದು ಒಬ್ಬ ರೋಗಿ.

ಅವರ ಹೆಸರು ಯೋಸ್ಟಾ ಲಾರ್ಸನ್. ಹುಟ್ಟಿನಿಂದಲೇ ಸೀಳು ಅಂಗುಳ, ದವಡೆ ಗದ್ದದ ಆಕಾರ ಸರಿಯಿಲ್ಲ, ಕೆಳಗೆ ಹಲ್ಲಿನ ಕೊರತೆ. ಮೂವತ್ತು ದಾಟಿದ ಮನುಷ್ಯನಿಗೆ ಊಟ ಮಾಡೋದು ಕಷ್ಟ, ಮಾತಾಡೋದು ಕಷ್ಟ. ಸೆಟ್ಟು ನಿಲ್ಲೋ ಬಾಯಿ ಅಲ್ಲ ಅದು. 1965ರಲ್ಲಿ ಬ್ರೋನೆಮಾರ್ಕ್ ಅವರ ಕೆಳದವಡೆಗೆ ನಾಲ್ಕು ಟೈಟಾನಿಯಂ ಸ್ಕ್ರೂ ಕೂರಿಸಿದರು. ಕೂರಿಸಿ ಏನು ಮಾಡಿದರು ಅನ್ನೋದು ಇಲ್ಲಿ ಮುಖ್ಯ. ಏನೂ ಮಾಡಲಿಲ್ಲ. ವಸಡು ಮುಚ್ಚಿ ಹೊಲಿದು, ತಿಂಗಳುಗಟ್ಟಲೆ ಸುಮ್ಮನೆ ಕಾದರು. ಹಲ್ಲು ಬಂದಿದ್ದು ಆಮೇಲೆ.

ಹಿಂದಿನವರಿಗೂ ಇವರಿಗೂ ಲೋಹದ ವ್ಯತ್ಯಾಸ ಒಂದೇ ಅಲ್ಲ, ಈ ತಾಳ್ಮೆಯದ್ದೂ ಇದೆ. ಸ್ಕ್ರೂ ಅಲುಗಾಡಿದ್ರೆ ಮೂಳೆ ಬೆಸೆಯಲ್ಲ, ನಾರಿನ ಪೊರೆಯೇ ಬರುತ್ತೆ. ಅದಕ್ಕೇ ಕೆಳದವಡೆಗೆ ಸುಮಾರು ಮೂರು ತಿಂಗಳು, ಮೂಳೆ ಮೆತ್ತಗಿರೋ ಮೇಲ್ದವಡೆಗೆ ಆರು ತಿಂಗಳು ಕಾಯಬೇಕು ಅನ್ನೋ ನಿಯಮ ಮಾಡಿದರು. ರಂಧ್ರ ಕೊರೆಯೋದೂ ನಿಧಾನ, ನೀರು ಹಾಯಿಸ್ತಾ. ಮುಂದೆ 1983ರಲ್ಲಿ ಗೊಥೆನ್‌ಬರ್ಗ್‌ನ ಸಂಶೋಧಕರೇ ತೋರಿಸಿದ ಹಾಗೆ, ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೂ ಸಾಕು, ಹಾನಿ ಶುರು. ನಾವು ಕುಡಿಯೋ ಕಾಫಿ ಅದಕ್ಕಿಂತ ಬಿಸಿ ಇರುತ್ತೆ.

ಹೊಗಳಿಕೆ ಬಂತು ಅಂದುಕೊಂಡ್ರಾ? ಬಂದಿದ್ದು ಅವಮಾನ. ಹಲ್ಲಿನ ಡಾಕ್ಟರೇ ಅಲ್ಲದವನು ಬಾಯಿಗೆ ಕೈ ಹಾಕಿದ್ದಾನೆ ಅನ್ನೋದು ಒಂದು ತಕರಾರು. ವಸಡಿನಿಂದ ಹೊರಗೆ ಚಾಚಿಕೊಂಡ ಲೋಹದ ಸುತ್ತ ಸೋಂಕು ಆಗೇ ಆಗುತ್ತೆ ಅನ್ನೋದು ಇನ್ನೊಂದು. ಎರಡನೆಯದು ನ್ಯಾಯವಾದ ಅನುಮಾನವೇ, ಅದುವರೆಗಿನ ಅನುಭವ ಹಾಗೇ ಇತ್ತಲ್ಲ. 1969ರಲ್ಲಿ ಬ್ರೋನೆಮಾರ್ಕ್ ಉಪನ್ಯಾಸ ಮುಗಿಸಿದಾಗ ಒಬ್ಬ ಹಿರಿಯ ಪ್ರಾಧ್ಯಾಪಕರು ಎದ್ದು ನಿಂತು, ರೀಡರ್ಸ್ ಡೈಜೆಸ್ಟ್‌ನಲ್ಲಿ ಲೇಖನ ಬರೋ ಥರದವರನ್ನ ನಾನು ನಂಬೋದಿಲ್ಲ ಅಂತ ಎಲ್ಲರ ಎದುರು ಹೇಳಿದರಂತೆ. ಸಂಶೋಧನೆಗೆ ಹಣ ಕೇಳಿದ ಅರ್ಜಿಗಳೂ ತಿರಸ್ಕಾರ ಆದವು.

ಅವರು ರೋಗಿಗಳ ಲೆಕ್ಕ ಇಡ್ತಾ ಹೋದರು. ಒಬ್ಬೊಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಿ, ನಿಂತಿದ್ದೆಷ್ಟು, ಬಿದ್ದದ್ದೆಷ್ಟು ಅಂತ ಬರೆದರು. 1970ರ ದಶಕದ ನಡುವೆ ಸ್ವೀಡನ್ನಿನ ಆರೋಗ್ಯ ಮಂಡಳಿ ಒಪ್ಪಿಗೆ ಕೊಟ್ಟಿತು. 1977ರಲ್ಲಿ ಹತ್ತು ವರ್ಷಗಳ ಅನುಭವದ ವರದಿ ಹೊರಬಂತು. ಮರುವರ್ಷವೇ ಬೋಫೋರ್ಸ್ ಬಾಗಿಲಿಗೆ ಬಂದಿದ್ದು. ಲೋಹವನ್ನ ಕೂದಲೆಳೆಯ ಲೆಕ್ಕದಲ್ಲಿ ಕಡಿಯೋದು ಫಿರಂಗಿ ಮಾಡೋರಿಗೆ ಹೊಸದೇನಲ್ಲ, ಸ್ಕ್ರೂ ಆದರೇನು ಫಿರಂಗಿ ಆದರೇನು. 1981ರಲ್ಲಿ ನೊಬೆಲ್‌ಫಾರ್ಮಾ ಅನ್ನೋ ಕಂಪನಿ ಹುಟ್ಟಿತು. ಬೋಫೋರ್ಸ್ ಒಂದು ಕಾಲಕ್ಕೆ ಆಲ್ಫ್ರೆಡ್ ನೊಬೆಲ್‌ರದೇ ಆಗಿತ್ತು, ಆ ಹೆಸರಿನ ನಂಟು ಅಲ್ಲಿಂದ. ಇವತ್ತು ನೊಬೆಲ್ ಬಯೋಕೇರ್ ಅಂತ ದಂತವೈದ್ಯರ ಬೋರ್ಡುಗಳಲ್ಲಿ ಕಾಣೋದು ಅದರ ಮುಂದುವರಿಕೆ.

ಜಗತ್ತು ನಂಬಿದ್ದು 1982ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಜಾರ್ಜ್ ಜಾರ್ಬ್ ಅನ್ನೋ ಪ್ರಾಧ್ಯಾಪಕರು ತಾವೇ ಈ ವಿಧಾನ ಮಾಡಿ ನೋಡಿ, ಉತ್ತರ ಅಮೆರಿಕದ ದಂತವೈದ್ಯರನ್ನ ಕರೆದು ಸಮ್ಮೇಳನ ಮಾಡಿದರು. ಬ್ರೋನೆಮಾರ್ಕ್ ಮೊಲ ನೋಡಿ ಅಷ್ಟೊತ್ತಿಗೆ ಮೂವತ್ತು ವರ್ಷ ಆಗಿತ್ತು.

ಆಮೇಲೆ ಇದು ಹಲ್ಲಿಗಷ್ಟೇ ನಿಲ್ಲಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಬೆಸೆಯೋ ಶ್ರವಣಸಾಧನ ಬಂತು. ಕಾಲು ಕಳ್ಕೊಂಡವರಿಗೆ ತೊಡೆಮೂಳೆಗೇ ಜೋಡಿಸೋ ಕೃತಕ ಕಾಲಿನ ಕೆಲಸವನ್ನ ಬ್ರೋನೆಮಾರ್ಕ್‌ರ ಮಗ ರಿಕಾರ್ಡ್ ಮುಂದುವರಿಸಿದರು. ಅಪ್ಪನಿಗೆ ನೊಬೆಲ್ ಸಿಗಲಿಲ್ಲ. 2014ರ ಡಿಸೆಂಬರ್‌ನಲ್ಲಿ, 85ನೇ ವಯಸ್ಸಿನಲ್ಲಿ, ಗೊಥೆನ್‌ಬರ್ಗ್‌ನಲ್ಲೇ ತೀರಿಕೊಂಡರು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತ ನಮ್ಮಲ್ಲಿ ಗಾದೆ ಇದೆ. ಇಂಪ್ಲಾಂಟ್ ಬಂದ ಮೇಲೆ ಗಾದೆಯ ಎರಡನೇ ಅರ್ಧ ಕಡಲೆ ಇರೋರ ಮಟ್ಟಿಗೆ ಸುಳ್ಳಾಯಿತು. ಇಲ್ಲದವರಿಗೆ ಅಷ್ಟು ಸುಲಭ ಅಲ್ಲ. ಇವತ್ತು ನಮ್ಮ ಪೇಟೆಗಳಲ್ಲಿ ಒಂದು ಹಲ್ಲಿಗೇ ಹತ್ತಾರು ಸಾವಿರ ರೂಪಾಯಿ ಆಗುತ್ತೆ. ಅಷ್ಟು ಕೊಡೋಕಾಗದವರು ಈಗಲೂ ಸೆಟ್ಟಿನಲ್ಲೇ ಇದ್ದಾರೆ, ಅಥವಾ ಬೊಚ್ಚು ಬಾಯಲ್ಲಿ ಮುದ್ದೆ ನುಂಗ್ತಿದ್ದಾರೆ. ಆದರೆ ಒಬ್ಬರಿಗೆ ಹಲ್ಲು ಬರಬೇಕಾದ್ರೆ ಇನ್ನೊಬ್ಬರ ಬಾಯಿಂದ ಕೀಳಬೇಕಾಗಿಲ್ಲ, ಅದನ್ನ ನಾನು ಸಣ್ಣ ಬದಲಾವಣೆ ಅನ್ನಲ್ಲ. ಒಂದು ಮಾತು ಮಾತ್ರ ನೆನಪಿಡಿ. ಒಂದೇ ದಿನದಲ್ಲಿ ಹಲ್ಲು ಅಂತ ನಿಮ್ಮ ಫೋನಿಗೆ ಜಾಹೀರಾತು ಬರ್ತವಲ್ಲ. ಕೆಲವರ ಮೂಳೆ ಗಟ್ಟಿ ಇದ್ದು, ಸ್ಕ್ರೂ ಬಿಗಿಯಾಗಿ ಕೂತ್ರೆ ಅದು ಸಾಧ್ಯ. ಎಲ್ಲರಿಗೂ ಅಲ್ಲ. ಸಿಗರೇಟು ಸೇದೋರಲ್ಲಿ, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಇರೋರಲ್ಲಿ ಕಷ್ಟ ಜಾಸ್ತಿ. ಡಾಕ್ಟರ್ ಮೂರು ತಿಂಗಳು ಕಾಯಿರಿ ಅಂದ್ರೆ ಅವರು ಸತಾಯಿಸ್ತಿಲ್ಲ.

ಯೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಂಡರು. 1965ರಲ್ಲಿ ಕೂರಿಸಿದ ಸ್ಕ್ರೂಗಳ ಮೇಲಿನ ಹಲ್ಲಿನಲ್ಲೇ ಅವರು ನಲವತ್ತು ವರ್ಷ ಊಟ ಮಾಡಿದರು.